ವಿಮಾನ ಏರುತ್ತದೆ, ಷೇರು ಇಳಿಯುತ್ತದೆ

ಹೆದರಿದ ಜನ ಇರುವ ಕಡೆ ನಗುವಂಥ ಸಂಗತಿಗಳಿಗೆ ಬರವಿಲ್ಲ. ನಾನು ಕೆಲಸ ಮಾಡಿದ ಜಾಗದಲ್ಲಿ ಎಲ್ಲರೂ ಹೆದರಿದ್ದರು. ಹಾಗಾಗಿ ಇಂಥದ್ದು ಏನಾದರೊಂದು ನಡೆಯುತ್ತಲೇ ಇತ್ತು. ಆಗ ನನಗೆ ನಗು ಬರಲಿಲ್ಲ. ನಾನೂ ಹೆದರಿದ್ದೆ.

ಯುದ್ಧ ಮುಗಿದಿತ್ತು. ಸೈನ್ಯಕ್ಕೆ ಬೇಡವಾದ ವಿಮಾನಗಳನ್ನು ಕೊಂಡು ದೇಶದಲ್ಲಿ ಅಲ್ಲಲ್ಲಿ ಕಂಪನಿಗಳು ಹುಟ್ಟಿದ್ದವು. ಅವುಗಳಲ್ಲಿ ದೊಡ್ಡದೊಂದರ ಟಿಕೆಟ್ ಆಫೀಸು ಬೆಂಗಳೂರಿನ ಕಂಟೋನ್ಮೆಂಟಿನಲ್ಲಿತ್ತು. ಬಿ.ಎಸ್ಸಿ. ಮುಗಿಸಿ ನಾನು ಅಲ್ಲಿ ಗುಮಾಸ್ತನಾದೆ. ಟಿಕೆಟ್ ಬರೆಯುವುದು, ಪ್ರಯಾಣಿಕರನ್ನು ತೂಗುವುದು, ವಿಮಾನ ಹೊರಡುವ ದಿನ ಮೈದಾನಕ್ಕೆ ಹೋಗಿ ಎಲ್ಲರನ್ನೂ ಹತ್ತಿಸುವುದು. ಇಷ್ಟು ಕೆಲಸ.

ವಾಸ ಹಲಸೂರಿನಲ್ಲಿ, ಸೋದರಮಾವನ ಮನೆಯಲ್ಲಿ. ಮಾವನಿಗೆ ಹಲಸೂರಿನಿಂದ ಪೂರ್ವಕ್ಕೆ ರಾಗಿ ಹೊಲ ಇತ್ತು. ಯುದ್ಧದ ಕಾಲದಲ್ಲಿ ವಿಮಾನದ ಮೈದಾನಕ್ಕೆ ಅಂತ ಸರ್ಕಾರ ಅದನ್ನು ತೆಗೆದುಕೊಂಡು ಪರಿಹಾರ ಕೊಟ್ಟಿತು. ಆ ಪರಿಹಾರವನ್ನಷ್ಟೂ ಮಾವ ನಮ್ಮ ಕಂಪನಿಯ ಷೇರಿಗೆ ಹಾಕಿದರು. ನನ್ನನ್ನು ಕೇಳಿ ಹಾಕಿದ್ದಲ್ಲ. ಹಾಕಿದ ಮೇಲೆ ಹೇಳಿದರು.

"ನನ್ನ ಹೊಲದ ಮೇಲೆ ಓಡಾಡ್ತದೆ. ಅದ್ರಲ್ಲಿ ನನ್ಗೂ ಒಂದು ಪಾಲಿರ್ಲಿ."

ಅದಾದ ಮೇಲೆ ಷೇರು ಇಳಿಯಲು ಶುರುವಾಯಿತು. ಅದೇ ಹೊತ್ತಿಗೆ ದೊಡ್ಡನೆಕ್ಕುಂದಿಯಲ್ಲಿ ಒಂದು ಹೊಲ ಮಾರಾಟಕ್ಕೆ ಬಂತು. ಕೆಂಪು ಮಣ್ಣು, ಪಕ್ಕದಲ್ಲೇ ಕೆರೆ. ಮಾವ ಹೋಗಿ ಮಣ್ಣು ಮುಟ್ಟಿ ನೋಡಿ ಬಂದರು. ಹೊಲದ ಯಜಮಾನ ಯುಗಾದಿಯವರೆಗೆ ಕಾಯುತ್ತೇನೆ ಎಂದಿದ್ದ. ಷೇರು ಕೊಂಡ ಬೆಲೆಗೆ ವಾಪಸ್ಸು ಬಂದರೆ ಹೊಲ ಮಾವನದು. ಬಾರದಿದ್ದರೆ ಅವರ ವಂಶದಲ್ಲಿ ಹೊಲವಿಲ್ಲದೆ ಸಾಯುವ ಮೊದಲನೆಯವರು ಅವರೇ. ಈ ಮಾತನ್ನು ಮಾವ ಒಂದೇ ಸಲ ಹೇಳಿದರು. ಅದೇ ಸಾಕಾಗಿತ್ತು.

ಊಟದ ತಟ್ಟೆ

ಮದ್ರಾಸಿನ ಪತ್ರಿಕೆಯಲ್ಲಿ ಷೇರುಗಳ ಬೆಲೆ ಬರುತ್ತಿತ್ತು. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. ಬೆಳಿಗ್ಗೆ ಆಫೀಸಿನಲ್ಲಿ ನೋಡಿಕೊಂಡು ಸಂಜೆ ಹೇಳಬೇಕು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನೇ ಅತ್ತೆ ಒಲೆಯ ಮುಂದಿನಿಂದ ನೋಡುತ್ತಿದ್ದರು.

ಷೇರು ನಿಂತಲ್ಲೇ ನಿಂತಿದ್ದರೆ ಮುದ್ದೆ, ಬಸ್ಸಾರು. ಒಂದು ಚೂರು ಏರಿದ್ದರೆ ಮೇಲೆ ತುಪ್ಪ. ಇಳಿದಿದ್ದರೆ ಮುದ್ದೆ, ಉಪ್ಪು, ಮತ್ತು ಅತ್ತೆಯ ಮೌನ. ಆ ಚಳಿಗಾಲದಲ್ಲಿ ನಾನು ತುಪ್ಪದ ವಾಸನೆ ಮರೆತೆ.

ನಾನು ಕ್ರಮವಾಗಿ ಯೋಚಿಸುವವನು. ಕಂಪನಿಯ ಬಲ ಏನೇನು ಅಂತ ಮಾವನಿಗೆ ವಿವರಿಸಿದೆ. ವಿಮಾನಗಳು ಗಟ್ಟಿ. ಪೈಲಟ್‌ಗಳು ಯುದ್ಧದಲ್ಲಿ ಹಾರಿದವರು. ಮದ್ರಾಸಿಗೆ, ಬೊಂಬಾಯಿಗೆ ಸೀಟು ಸಿಗುವುದು ಕಷ್ಟ. ಇದುವರೆಗೆ ಒಂದು ಅಪಘಾತವೂ ಆಗಿಲ್ಲ.

ಮಾವ ಎಲ್ಲ ಕೇಳಿಕೊಂಡರು.

"ಎಲ್ಲಾ ನೆಟ್ಟಗಿದೆ ಅಂತೀಯ. ಮತ್ಯಾಕೆ ಇಳೀತದೆ?"

"ವಿಮಾನ ಯಾಕೆ ಏರ್ತದೆ ಅಂತ ಹೇಳಬಲ್ಲೆ ಮಾವ. ರೆಕ್ಕೆಯ ಮೇಲೆ ಗಾಳಿಯ ಒತ್ತಡ ಕಮ್ಮಿ, ಕೆಳಗೆ ಜಾಸ್ತಿ. ಷೇರು ಯಾಕೆ ಇಳೀತದೆ ಅನ್ನೋದು ನಮ್ಮ ಪಾಠದಲ್ಲಿ ಇರ್ಲಿಲ್ಲ."

ಅತ್ತೆ ಒಲೆಯ ಕಡೆಗೆ ತಿರುಗಿಯೇ ಹೇಳಿದರು:

"ಹಂಗಾದ್ರೆ ಆ ಪಾಠ ಓದಿದೋರ್ನ ಮನೇಲಿಟ್ಕೊಂಡು ಊಟ ಹಾಕ್ಬೇಕಿತ್ತು."

ಅವತ್ತಿನಿಂದ ನಾನು ಕಾರಣ ಹುಡುಕುವುದಕ್ಕೆ ನಿಂತೆ.

ತೂಕ

ವಿಮಾನ ಹತ್ತುವ ಮೊದಲು ಪ್ರತಿಯೊಬ್ಬರನ್ನೂ ತೂಗಬೇಕು. ಪೆಟ್ಟಿಗೆಯನ್ನೂ, ಮನುಷ್ಯನನ್ನೂ. ನಮ್ಮ ಆಫೀಸಿನಲ್ಲಿ ಅದಕ್ಕೆ ದೊಡ್ಡ ತಕ್ಕಡಿ ಇತ್ತು, ಮಂಡಿಯಲ್ಲಿ ಅಕ್ಕಿ ಮೂಟೆ ತೂಗುವಂಥದ್ದು. ಪ್ರಯಾಣಿಕರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಕೆಲವರು ಉಸಿರು ಬಿಗಿಹಿಡಿದು ಹತ್ತುತ್ತಿದ್ದರು, ಅದರಿಂದ ತೂಕ ಇಳಿಯುತ್ತದೆ ಅಂತ.

ಶಿವಾಜಿನಗರದ ಚರ್ಮದ ವ್ಯಾಪಾರಿ ಸಾಹೇಬರು ನಮ್ಮ ಕಂಪನಿಯ ಷೇರುದಾರರು. ಭಾರೀ ಆಳು, ಭಾರೀ ಗೌರವದ ಮನುಷ್ಯ. ಮದ್ರಾಸಿಗೆ ಹೊರಟು ಬಂದರು. ತಕ್ಕಡಿ ನೋಡಿ ನಿಂತರು.

"ಇದ್ಯಾಕೆ?"

"ಭಾರ ಜಾಸ್ತಿ ಆಗಬಾರದು ಸಾಹೇಬ್ರೇ."

"ಆದ್ರೆ?"

ನಾನು ಕಲಿತದ್ದನ್ನು ಹೇಳಿದೆ. "ಮೇಲೇಳಲ್ಲ."

ಇದನ್ನು ಹೇಳಬಾರದಿತ್ತು. ಸಾಹೇಬರು ಸಾಲಿನಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ತಲೆಯಿಂದ ಕಾಲಿನವರೆಗೆ ನೋಡಿದರು. ಅವರ ಕಣ್ಣು ಒಬ್ಬ ವಕೀಲರ ಹೊಟ್ಟೆಯ ಮೇಲೆ ನಿಂತಿತು.

"ಅವ್ರನ್ನ ನಾಳೆ ಕಳ್ಸಿ."

"ಅದು ಹ್ಯಾಗಾಗ್ತದೆ ಸಾಹೇಬ್ರೇ? ಟಿಕೆಟ್ ತಗೊಂಡಿದ್ದಾರೆ."

"ನಾನೂ ತಗೊಂಡಿದ್ದೀನಲ್ಲ. ತೂಗಿ, ಯಾರು ಜಾಸ್ತಿ ಇರ್ತಾರೋ ಅವ್ರು ಇಳೀಲಿ. ನ್ಯಾಯ ಎಲ್ಲರಿಗೂ ಒಂದೇ."

ವಕೀಲರು ರೋಷದಿಂದ ತಕ್ಕಡಿ ಹತ್ತಿದರು. ಎಲ್ಲರೂ ಹತ್ತಿದರು. ಕೊನೆಗೆ ಸಾಹೇಬರು ಹತ್ತಿದರು. ತಕ್ಕಡಿಯ ಕಡ್ಡಿ ಟಣ್ಣನೆ ಹೊಡೆಯಿತು.

ಲೆಕ್ಕದ ಪ್ರಕಾರ ವಿಮಾನಕ್ಕೆ ಇನ್ನೂ ಬೇಕಾದಷ್ಟು ಜಾಗವಿತ್ತು. ಹೇಳಿದೆ. ಸಾಹೇಬರು ಕೇಳಲಿಲ್ಲ. ಟೋಪಿ ಸರಿಮಾಡಿಕೊಂಡು ಜಟಕಾ ಹತ್ತಿ ರೈಲ್ವೆ ಸ್ಟೇಷನ್ನಿಗೆ ಹೋದರು.

ಮುಂದಿನ ವಾರ ಆಫೀಸಿಗೆ ಬಂದರು.

"ಅವತ್ತು ವಿಮಾನ ಸರಿಯಾಗಿ ಹೋಯ್ತಾ?"

"ಸರಿಯಾಗಿ ಹೋಯ್ತು."

"ಹೋಗ್ದೆ ಏನ್ಮಾಡ್ತದೆ?" ಎಂದರು ಸಾಹೇಬರು. "ನಾನೇ ಇಳಿದ್ನಲ್ಲ!"

ತಾನು ಇಳಿದು ಎಷ್ಟು ಜೀವ ಉಳಿಸಿದೆ ಎನ್ನುವುದನ್ನು ಅವರು ಶಿವಾಜಿನಗರದ ಮಾರುಕಟ್ಟೆಯಲ್ಲೆಲ್ಲ ಹೇಳಿದ್ದರು. ಆ ವಾರ ನಮ್ಮ ಮನೆಯಲ್ಲಿ ಉಪ್ಪು, ಮುದ್ದೆ.

ಗಂಟಿನ ಪ್ರಯಾಣ

ನಮ್ಮ ಮದ್ರಾಸಿನ ವಿಮಾನ ಶುಕ್ರವಾರವೂ ಹನ್ನೊಂದಕ್ಕೇ ಹೊರಡುತ್ತಿತ್ತು. ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು. ವೇಳೆ ಗೊತ್ತುಮಾಡಿದವರು ಬೊಂಬಾಯಿಯ ದೊಡ್ಡ ಆಫೀಸಿನವರು. ಅವರಿಗೆ ರಾಹುವಿನ ಪರಿಚಯ ಇರಲಿಲ್ಲ.

ಬೇರೆ ದಿನ ತುಂಬುವ ವಿಮಾನ ಶುಕ್ರವಾರ ಅರ್ಧ ಖಾಲಿ. ನಮ್ಮ ಮ್ಯಾನೇಜರು ಮದ್ರಾಸಿನವರು. ಕನ್ನಡ ಚೆನ್ನಾಗಿ ಆಡುತ್ತಿದ್ದರು, ಭಯವಾದಾಗ ಮಾತ್ರ ತಮಿಳು. ಅವತ್ತು ತಮಿಳಿನಲ್ಲೇ ಶುರುಮಾಡಿದರು.

"ಎನ್ನಪ್ಪಾ ಇದು! ಬಿ.ಎಸ್ಸಿ. ಓದಿದ್ದೀಯ, ಏನಾದ್ರೂ ಹೇಳು."

ನಾನು ಹೇಳಿದ್ದು ವಿಜ್ಞಾನವಲ್ಲ, ನಮ್ಮಜ್ಜಿ ಮಾಡುತ್ತಿದ್ದದ್ದು. ಕೆಟ್ಟ ಗಳಿಗೆಯಲ್ಲಿ ಹೊರಡಲೇಬೇಕಾದರೆ, ಒಳ್ಳೆಯ ಗಳಿಗೆಯಲ್ಲಿ ಒಂದು ಗಂಟು ಕಟ್ಟಿ ಬೇರೆಯವರ ಮನೆಯಲ್ಲಿ ಇಟ್ಟು ಬರಬೇಕು. ಗಂಟು ಹೊರಟಿತು ಅಂದರೆ ಪ್ರಯಾಣ ಹೊರಟ ಹಾಗೆ. ಆಮೇಲೆ ಮನುಷ್ಯ ಯಾವಾಗ ಹೋದರೂ ದೋಷವಿಲ್ಲ. ಪ್ರಸ್ಥಾನ ಇಡುವುದು ಅನ್ನುತ್ತಾರೆ. ಆ ಗಂಟನ್ನು ನಮ್ಮ ಆಫೀಸಿನಲ್ಲೇ ಇಡಲಿ ಎಂದೆ.

ಮಾತು ಹರಡಿತು. ಗುರುವಾರ ಸಂಜೆಯೇ ಗಂಟುಗಳು ಬರತೊಡಗಿದವು. ಒಂದು ಪಂಚೆ, ಎರಡು ಅಡಿಕೆ, ಅರಿಶಿನದ ಕೊಂಬು. ಶುಕ್ರವಾರದ ಸೀಟೆಲ್ಲ ತುಂಬಿತು. ಮ್ಯಾನೇಜರು ನನ್ನ ಬೆನ್ನು ತಟ್ಟಿದರು.

ಮೊದಲನೇ ಶುಕ್ರವಾರ ಗಂಟುಗಳನ್ನೆಲ್ಲ ವಿಮಾನಕ್ಕೆ ಹೇರಿಸಿದೆವು. ಪ್ರಯಾಣಿಕರು ಬಂದರು, ಒಬ್ಬರನ್ನು ಬಿಟ್ಟು. ಆವತ್ತು ತಕ್ಕಡಿ ಹತ್ತಿದ್ದ ಅದೇ ವಕೀಲರು. ಮನೆಯಿಂದ ಹೊರಡುವಾಗ ಅವರ ತಾಯಿ ಹೊಸಿಲ ಮೇಲೆ ಅಡ್ಡ ಕೂತರಂತೆ. ವಕೀಲರು ರಾತ್ರಿಯ ರೈಲಿಗೆ ಹೋದರು. ಗಂಟು ಹನ್ನೊಂದರ ವಿಮಾನಕ್ಕೆ ಹೋಯಿತು.

ಮರುದಿನ ಅವರು ಮದ್ರಾಸಿನ ನಮ್ಮ ಆಫೀಸಿನಲ್ಲಿ ಗಂಟು ಬಿಡಿಸಿಕೊಂಡರು. ವಾಪಸ್ಸು ಬಂದ ಮೇಲೆ ನಮಗೆ ಹೇಳಿಯೇ ಹೋಗಬೇಕು ಅಂತ ಬಂದರು.

"ನಿಮ್ಮ ಕಂಪನಿ ಬಹಳ ಒಳ್ಳೇದು ಕಣ್ರೀ. ನಾನೂ ಷೇರು ತಗೊಂಡೆ. ಅಡಿಕೆ ಸಮೇತ ಸುಖವಾಗಿ ತಲುಪಿತ್ತು. ಇನ್ಮೇಲೆ ನನ್ನ ಗಂಟೆಲ್ಲಾ ವಿಮಾನದಲ್ಲೇ ಕಳಿಸೋದು. ನಾನು ರೈಲಿಗೆ ಬರ್ತೀನಿ."

ತಡ



ಒಂದು ಮಧ್ಯಾಹ್ನ ಮದ್ರಾಸಿನಿಂದ ಬರಬೇಕಾದ ವಿಮಾನ ಬರಲಿಲ್ಲ. ಮೈದಾನದಲ್ಲಿ ಮ್ಯಾನೇಜರು, ನಾನು. ಆಕಾಶ ಕೋಲಾರದ ಕಡೆ ಕಪ್ಪಾಗಿತ್ತು. ಮೊದಲು ನಾವು ಗಡಿಯಾರ ನೋಡುತ್ತಿದ್ದೆವು. ಆಮೇಲೆ ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟೆವು. ಆ ಪೈಲಟ್ ಬೆಳಿಗ್ಗೆ ಶಿಳ್ಳೆ ಹಾಕಿಕೊಂಡು ಹೋಗಿದ್ದ. ಪ್ರಯಾಣಿಕರಲ್ಲಿ ಒಬ್ಬಳು ಬಸುರಿ ಹೆಂಗಸು ಇದ್ದಾಳೆ ಅಂತ ಮದ್ರಾಸಿನವರು ತಂತಿ ಕೊಟ್ಟಿದ್ದರು, ಜಟಕಾ ತಯಾರಿಡಿ ಅಂತ. ಜಟಕಾ ನಿಂತಿತ್ತು. ಕುದುರೆ ಹುಲ್ಲು ತಿನ್ನುತ್ತಿತ್ತು.

ಸುದ್ದಿ ಹಲಸೂರಿಗೆ ಹೇಗೆ ಹೋಯಿತೋ ಗೊತ್ತಿಲ್ಲ. ಮಾವ ಬೆವರುತ್ತ ನಡೆದೇ ಬಂದರು. ಷೇರಿನ ಮಾತು ಎತ್ತುತ್ತಾರೆ ಅಂದುಕೊಂಡೆ.

"ಜನ ಎಷ್ಟಿದ್ರು?" ಎಂದು ಕೇಳಿದರು.

ಹೇಳಿದೆ. ಮಾವ ಹೆಗಲ ಮೇಲಿನ ಟವೆಲ್ ತೆಗೆದು ನೆಲಕ್ಕೆ ಹಾಸಿ ಕೂತರು.

ಒಬ್ಬೊಬ್ಬರಾಗಿ ಜನ ಸೇರಿದರು. ಅವರ ಹಿಂದೆ ಒಬ್ಬ ಪುರೋಹಿತರೂ ಬಂದು ಮರದ ಕೆಳಗೆ ನಿಂತರು. ಕಂಕುಳಲ್ಲಿ ಚೀಲ. ಯಾರು ಕರೆದರು ಅಂತ ನಾನು ಕೇಳಿದೆ.

"ಯಾರೂ ಕರೆದಿಲ್ಲ. ಸುಮ್ನೆ ಬಂದೆ. ಬೇಕಾದ್ರೆ ಇರ್ಲಿ ಅಂತ."

ಮ್ಯಾನೇಜರು "ಕಡವುಳೇ" ಎಂದು ತಮಿಳಿನಲ್ಲಿ ದೇವರನ್ನು ಕರೆದು ತಲೆಯ ಮೇಲೆ ಕೈ ಇಟ್ಟರು.

ಕಡೆಗೆ ಸದ್ದು ಕೇಳಿದ್ದು ಕುದುರೆಗೆ. ಅದು ತಲೆ ಎತ್ತಿತು. ವಿಮಾನ ಪೂರ್ವದಿಂದ ಬರದೆ ದಕ್ಷಿಣದಿಂದ ಬಂತು, ಇಳಿಯಿತು. ಬಸುರಿ ಹೆಂಗಸು ಎಲ್ಲರಿಗಿಂತ ಮೊದಲು ಇಳಿದು, ಹಸಿವಾಗಿದೆ ಎಂದಳು. ಪೈಲಟ್ ಶಿಳ್ಳೆ ಹಾಕುತ್ತಲೇ ಬಂದ.

"ದಾರೀಲಿ ಮೋಡ ಇತ್ತು. ಒಂದು ಮೈದಾನದಲ್ಲಿ ಇಳಿದು ಚಾ ಕುಡಿದು, ಸುತ್ತಿಕೊಂಡು ಬಂದೆ. ಯಾಕೆ ಇಷ್ಟು ಜನ?"

ಪೈಲಟ್ ಮಾಡಬೇಕಾದ್ದೂ ಅಷ್ಟೇ. ಮೋಡ ಕಂಡರೆ ಇಳಿಯಬೇಕು. ರೈಲು ತಡವಾದರೆ ಜನ ಪ್ಲಾಟ್‌ಫಾರಮ್ಮಿನಲ್ಲಿ ನಿದ್ದೆ ಮಾಡುತ್ತಾರೆ. ವಿಮಾನ ತಡವಾದರೆ ಊರೇ ಅಳಲು ಸಿದ್ಧವಾಗುತ್ತದೆ. ಎರಡು ದಿನಕ್ಕೇ ಷೇರು ಮತ್ತೆ ಇಳಿಯಿತು.

ಪುರೋಹಿತರು ಇಳಿದವರನ್ನೆಲ್ಲ ಒಮ್ಮೆ ನೋಡಿದರು. "ಸಂತೋಷ," ಎಂದರು. "ಬಹಳ ಸಂತೋಷ." ಚೀಲವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಹೊರಟರು. ಅಷ್ಟು ಬೇಜಾರಾಗಿ ಸಂತೋಷಪಟ್ಟವರನ್ನು ನಾನು ನೋಡಿಲ್ಲ.

ಬಿಟ್ಟಿ ಸುತ್ತು

ಯುಗಾದಿ ಹತ್ತಿರ ಬಂತು. ದೊಡ್ಡನೆಕ್ಕುಂದಿಯ ಹೊಲದ ಯಜಮಾನ ಒಂದು ಸಲ ಮನೆಗೆ ಬಂದು, ಇನ್ನೊಬ್ಬರು ಕೇಳುತ್ತಿದ್ದಾರೆ ಅಂತ ಹೇಳಿ ಹೋದ. ಮಾವ ಸರಿಯಾಗಿ ಊಟ ಮಾಡುವುದನ್ನು ಬಿಟ್ಟರು. ಅತ್ತೆ ನನ್ನನ್ನು ಬಯ್ಯುವುದನ್ನು ಬಿಟ್ಟರು. ನನಗೆ ಎರಡನೆಯದೇ ಹೆಚ್ಚು ಭಯವಾಯಿತು.

ಅಷ್ಟು ಹೊತ್ತಿಗೆ ನನ್ನ ಹುಡುಕಾಟ ಒಂದು ಕಡೆ ಬಂದು ನಿಂತಿತ್ತು. ಮ್ಯಾನೇಜರಿಗೆ ಹೇಳಿದೆ: "ಷೇರು ತಗೊಂಡೋರು ಆಮೇಲೆ ಯಾರೂ ವಿಮಾನ ಹತ್ತಿಲ್ಲ ಸಾರ್. ಹತ್ತೋರಿಗೆ ಷೇರಿಲ್ಲ. ತಾನು ಹತ್ತದ ಗಾಡಿ ಮೇಲೆ ಯಾರಿಗೆ ನಂಬಿಕೆ ಬರ್ತದೆ?"

ಮ್ಯಾನೇಜರು ಬೊಂಬಾಯಿಗೆ ತಂತಿ ಕೊಟ್ಟು ಒಪ್ಪಿಗೆ ತರಿಸಿದರು. ಬೆಂಗಳೂರಿನ ಷೇರುದಾರರಿಗೆಲ್ಲ ಭಾನುವಾರ ಬೆಳಿಗ್ಗೆ ಊರ ಮೇಲೆ ಒಂದು ಸುತ್ತು, ಬಿಟ್ಟಿ. ಹತ್ತುವಾಗ, ಇಳಿಯುವಾಗ ಫೋಟೋ. ಫೋಟೋ ಮದ್ರಾಸಿನ ಪತ್ರಿಕೆಗೆ. ನಗುತ್ತ ಇಳಿಯುವ ಷೇರುದಾರರನ್ನು ನೋಡಿ ಷೇರು ಏರದೆ ಎಲ್ಲಿಗೆ ಹೋಗುತ್ತದೆ? ನಾನೇ ಒಬ್ಬೊಬ್ಬರ ಮನೆಗೆ ಹೋಗಿ ಕರೆದು ಬಂದೆ. ಎಲ್ಲರೂ ಒಪ್ಪಿದರು. ಇಲ್ಲ ಅಂದರೆ ಹೆದರಿದ ಅಂತಾರಲ್ಲ.

ಶನಿವಾರ ಷೇರು ನೆಲ ಕಚ್ಚಿತು. ಅಷ್ಟು ಕೆಳಗೆ ಯಾವತ್ತೂ ಹೋಗಿರಲಿಲ್ಲ.

ನಡೆದದ್ದು ಇಷ್ಟು. ಕರೆಸಿಕೊಂಡ ಒಬ್ಬೊಬ್ಬರೂ ಮನೆಯಲ್ಲಿ ಕೂತು ಯೋಚಿಸಿದರು. ವಿಮಾನ ಬಿದ್ದರೆ ನಾನು ಹೋಗುತ್ತೇನೆ. ವಿಮಾನ ಬಿದ್ದ ಕಂಪನಿಯ ಷೇರೂ ಹೋಗುತ್ತದೆ. ಹೆಂಡತಿ ಮಕ್ಕಳಿಗೆ ಎರಡೂ ಇಲ್ಲ. ಆದ್ದರಿಂದ ಹತ್ತುವ ಮೊದಲು ಷೇರು ಮಾರಿಬಿಡುವುದು ಗೃಹಸ್ಥನ ಧರ್ಮ. ಎಲ್ಲರೂ ಇದನ್ನೇ ಯೋಚಿಸಿದರು, ಎಲ್ಲರೂ ಗುಟ್ಟಾಗಿ ಕಮರ್ಷಿಯಲ್ ಬೀದಿಯ ಅದೇ ದಲ್ಲಾಳಿಯ ಹತ್ತಿರ ಹೋದರು. ಮೆಟ್ಟಿಲ ಮೇಲೆ ಒಬ್ಬರಿಗೊಬ್ಬರು ಸಿಕ್ಕಿ, "ಸುಮ್ನೆ ಈ ಕಡೆ ಬಂದಿದ್ದೆ" ಅಂತ ಹೇಳಿಕೊಂಡರಂತೆ. ದಲ್ಲಾಳಿಯೂ ಷೇರುದಾರ, ಅವನಿಗೂ ಕರೆ ಹೋಗಿತ್ತು. ಅವನು ಎಲ್ಲರಿಗಿಂತ ಮೊದಲು ತನ್ನದನ್ನು ಮಾರಿದ್ದ.

ಬೆಂಗಳೂರಿನಿಂದ ಒಟ್ಟಿಗೆ ಅಷ್ಟು ಷೇರು ಮಾರಾಟಕ್ಕೆ ಬಂದದ್ದು ನೋಡಿ ಮದ್ರಾಸಿನವರು ನಡುಗಿದರು. ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯೇ ಇದೆ. ಅಲ್ಲಿಯವರಿಗೆ ಗೊತ್ತಿಲ್ಲದ್ದು ಯಾರಿಗೆ ಗೊತ್ತು? ಏನೋ ಆಗಿದೆ. ಹೀಗೆಂದು ಅವರೂ ಮಾರಲು ನಿಂತರು.

ಮಾವನೂ ಹೋಗಿದ್ದರು. ಅತ್ತೆ ಕಳಿಸಿದ್ದು. ಆದರೆ ಅವರು ಸಾಲಿನಲ್ಲಿ ಕಡೆಯವರು. ಅವರ ಸರದಿ ಬರುವಷ್ಟರಲ್ಲಿ ದಲ್ಲಾಳಿ ಕೈ ಅಲ್ಲಾಡಿಸಿದ.

"ಮದ್ರಾಸಲ್ಲಿ ಕೊಳ್ಳೋರೇ ಇಲ್ಲ ಗೌಡ್ರೇ. ಸುಮ್ನೆ ಕೊಟ್ರೂ ತಗೊಳಲ್ಲ."

ಮಾವ ಮನೆಗೆ ಬಂದು ಜಗಲಿಯ ಮೇಲೆ ಕೂತರು. ಅತ್ತೆ ಹೇಳಿದರು: "ಷೇರೂ ಇಟ್ಕೊಂಡು ನೀವೂ ಹತ್ತಿದ್ರೆ, ಹೋಗೋದು ಎರಡೂ. ಹತ್ಬೇಡಿ ಕಣ್ರೀ."

"ಹತ್ತೀನಿ," ಎಂದರು ಮಾವ. "ಷೇರು ಇರೋನು ಒಬ್ಬನಾದ್ರೂ ಹತ್ತಿ ಇಳಿದ ಅಂತ ಆಗ್ಲಿ. ಇನ್ನು ನನ್ನ ಕೈಲಿರೋದು ಅದೊಂದೇ."

ಅತ್ತೆ ಒಳಗೆ ಹೋದರು. ಅಳುವ ಸದ್ದು ಕೇಳಿತು. ಬಿಟ್ಟಿ ಸುತ್ತಿನ ಉಪಾಯ ಯಾರದ್ದು ಅಂತ ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಎಲ್ಲರೂ ಮೈದಾನಕ್ಕೆ ಬಂದರು. ಹೊಸ ಬಟ್ಟೆ, ಹಣೆಗೆ ಕುಂಕುಮ, ವಿಭೂತಿ, ತೋಳಿಗೆ ತಾಯಿತ. ಚರ್ಮದ ಸಾಹೇಬರು ಅತ್ತರು ಹಚ್ಚಿಕೊಂಡು ಬಂದಿದ್ದರು. ವಿಮಾನದ ಮೆಟ್ಟಿಲ ಹತ್ತಿರ ದೊಡ್ಡ ಮರ್ಯಾದೆ ನಡೆಯಿತು. "ನೀವು ಮೊದಲು." "ಛೆ ಛೆ, ದೊಡ್ಡೋರು ನೀವು." "ನಮ್ಮದೇನಿದೆ, ನೀವು ಹತ್ತಿ." ಕೊನೆಗೆ ಮಾವ ಟವೆಲ್ ಕೊಡವಿಕೊಂಡು ಸೀದಾ ಹತ್ತಿದರು. ಅವರ ಹಿಂದೆ ಉಳಿದವರು.

ನಾನೂ ಹತ್ತಬೇಕು ಅಂತ ಮ್ಯಾನೇಜರು ಹೇಳಿದರು. ನಾನು ಅದುವರೆಗೆ ಎಷ್ಟೋ ಜನರನ್ನು ಹತ್ತಿಸಿದ್ದೆ. ಒಂದು ದಿನವೂ ಹತ್ತಿರಲಿಲ್ಲ. ವಿಮಾನ ಓಡಲು ಶುರುವಾದಾಗ ರೆಕ್ಕೆಯ ಮೇಲಿನ ಒತ್ತಡ, ಕೆಳಗಿನ ಒತ್ತಡ ಎಲ್ಲ ನೆನಪಿಗೆ ಬಂದವು. ಎರಡೂ ನನ್ನ ಹೊಟ್ಟೆಯಲ್ಲೇ ಇದ್ದವು. ಮುಂದಿನ ಸೀಟಿನ ಹಿಂಬದಿ ಹಿಡಿದುಕೊಂಡು ಕೂತೆ.

ನೆಲ ಬಿಟ್ಟಿತು. ಸಾಹೇಬರು ಕಣ್ಣು ಮುಚ್ಚಿ ದುವಾ ಓದುತ್ತಿದ್ದರು. ಅವರ ಪಕ್ಕದಲ್ಲಿದ್ದ ವಕೀಲರು ಮಂತ್ರ ಹೇಳುತ್ತ ಸಾಹೇಬರ ಕೈ ಹಿಡಿದುಕೊಂಡಿದ್ದರು. ತೂಕದ ಜಗಳ ಇಬ್ಬರಿಗೂ ಮರೆತಿತ್ತು. ದಲ್ಲಾಳಿ ಕಾಗದದ ಚೀಲದೊಳಕ್ಕೆ ಮುಖ ಇಟ್ಟಿದ್ದವನು ಹೊರಗೆ ತೆಗೆಯಲೇ ಇಲ್ಲ.

ಮಾವ ಮಾತ್ರ ಕಿಟಕಿಗೆ ಹಣೆ ಒತ್ತಿ ಕೆಳಗೆ ನೋಡುತ್ತಿದ್ದರು. ಹಲಸೂರ ಕೆರೆ, ದಂಡಿನ ಬ್ಯಾರಕ್ಕುಗಳು, ಕೃಷ್ಣರಾಜಪುರದ ಕಡೆ ಹೋಗುವ ರೈಲಿನ ಹೊಗೆ. ವಿಮಾನ ಒಂದು ಪಕ್ಕಕ್ಕೆ ವಾಲಿತು. ಯಾರೋ ಕೂಗಿದರು. ಮಾವ ನನ್ನ ತೋಳು ಹಿಡಿದರು.

"ಅಲ್ನೋಡು. ಆ ಹುಣಸೇಮರದ ಪಕ್ಕ. ನಮ್ಮ ಬಾವಿ. ಮುಚ್ಚಿಬಿಟ್ರು ಅಂದ್ಕೊಂಡಿದ್ದೆ. ಮುಚ್ಚಿಲ್ಲ ಕಣೋ."

ನಾನು ನೋಡಲಿಲ್ಲ. ಕೆಳಗೆ ನೋಡುವ ಧೈರ್ಯ ಇರಲಿಲ್ಲ. ಹೌದು ಮಾವ ಎಂದೆ.

ವಿಮಾನ ಹೂವಿನಂತೆ ಇಳಿಯಿತು. ಬಾಗಿಲು ತೆರೆಯಿತು. ಇಳಿದವರು ಮೊದಲು ಕಾಲಿಂದ ನೆಲ ತಟ್ಟಿ ನೋಡಿದರು. ಆಮೇಲೆ ನಕ್ಕರು. ಆಮೇಲೆ ಒಬ್ಬೊಬ್ಬರ ನಗುವೂ ನಿಂತಿತು. ಬದುಕಿದ್ದೇವೆ ಅಂದರೆ ಏನರ್ಥ? ವಿಮಾನ ಒಳ್ಳೆಯದು. ಕಂಪನಿ ಒಳ್ಳೆಯದು. ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ಷೇರು ಏರುತ್ತದೆ. ನಾವು ನಿನ್ನೆ ಮಣ್ಣಿನ ಬೆಲೆಗೆ ಮಾರಿಬಿಟ್ಟಿದ್ದೇವೆ.

ಎಲ್ಲರೂ ದಲ್ಲಾಳಿಯ ಮೇಲೆ ಬಿದ್ದರು. ಅವನು ಹುಲ್ಲಿನ ಮೇಲೆ ಮಲಗಿದ್ದ.

"ವಾಪಸ್ ತಗೋ ಮಾರಾಯಾ! ಈಗ್ಲೇ!"

"ಇವತ್ತು ಭಾನುವಾರ," ಎಂದು ಅವನು ನರಳಿದ. "ಮದ್ರಾಸಲ್ಲಿ ಬಾಗಿಲು ಹಾಕಿದೆ. ನಾಳೆ ತೆಗೆಯೋ ಹೊತ್ತಿಗೆ ಸುದ್ದಿ ಅಲ್ಲಿ ಇರ್ತದೆ, ಬೆಲೆ ಏರಿರ್ತದೆ. ಈ ಊರಲ್ಲಿ ಈಗ ಷೇರು ಇರೋದು ಒಬ್ಬರ ಹತ್ರ."

ಮಲಗಿದ್ದಲ್ಲಿಂದಲೇ ಬೆರಳು ತೋರಿಸಿದ. ಮಾವ ದೂರದಲ್ಲಿ ನೆಲದ ಮೇಲೆ ಕೂತು ಬೀಡಿ ಹಚ್ಚುತ್ತಿದ್ದರು.

ಗುಂಪು ಆ ಕಡೆ ಓಡಿತು. ಆಗ ನಡೆದ ವ್ಯಾಪಾರ ಬೇರೆ ಎಲ್ಲೂ ನಡೆದಿರಲಾರದು. ಒಬ್ಬರು ಒಂದು ಬೆಲೆ ಕೂಗಿದರು, ಇನ್ನೊಬ್ಬರು ಇನ್ನೊಂದು. ಮಾವ ಬಾಯಿ ಬಿಡಲಿಲ್ಲ. ಜನ್ಮದಲ್ಲಿ ಎತ್ತನ್ನು ಬಿಟ್ಟು ಬೇರೆ ಏನನ್ನೂ ಮಾರದವರು. ದನದ ಸಂತೆಯಲ್ಲಿ ಬೆಲೆ ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಕೈ ಹಿಡಿದು, ಬೆರಳು ಒತ್ತಿ ಹೇಳುತ್ತಾರೆ. ಸುತ್ತ ನಿಂತವರಿಗೆ ಟವೆಲ್ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಮಾವ ಟವೆಲ್ ತೆಗೆದು ಬಲಗೈ ಮೇಲೆ ಹಾಕಿಕೊಂಡು ಕೈ ಚಾಚಿದರು.

ವಕೀಲರಿಗೆ ಏನೂ ತಿಳಿಯಲಿಲ್ಲ. "ಇದೇನು ಗೌಡ್ರೇ, ಕೈಗೆ ಗಾಯವಾ?"

ಸಾಹೇಬರಿಗೆ ತಿಳಿಯಿತು. ಅವರೂ ಸಂತೆಯಲ್ಲಿ ಬೆಳೆದವರು. "ಅರೆ ವಾಹ್ ಗೌಡ್ರೇ!" ಅಂತ ಮುಂದೆ ಬಂದು ಟವೆಲ್ಲಿನೊಳಗೆ ಕೈ ಹಾಕಿದರು.

ಟವೆಲ್ ಅಲ್ಲಾಡಿತು. ಸಾಹೇಬರು ತಲೆ ಅಲ್ಲಾಡಿಸಿದರು. ಟವೆಲ್ ಮತ್ತೆ ಅಲ್ಲಾಡಿತು. ಸಾಹೇಬರು "ತೌಬಾ" ಎಂದರು. ಮಾವ ಆಕಾಶ ನೋಡುತ್ತ ಕೂತಿದ್ದರು. ಅವರ ಹಣೆಯ ಮೇಲೆ ಬೆವರಿತ್ತು. ಅದು ನನಗೆ ಮಾತ್ರ ಕಾಣುತ್ತಿತ್ತು. ಉಳಿದವರೆಲ್ಲ ಟವೆಲ್ಲನ್ನೇ ನೋಡುತ್ತಿದ್ದರು. ಆ ಬಟ್ಟೆಯ ಕೆಳಗೆ ಏನಾಗುತ್ತದೋ ಅದರ ಮೇಲೆ ನಮ್ಮ ಮನೆ ನಿಂತಿತ್ತು. ವಿಮಾನದಲ್ಲೂ ನನಗೆ ಅಷ್ಟು ಭಯವಾಗಿರಲಿಲ್ಲ.

ಸಾಹೇಬರು ಕೈ ಹೊರಗೆ ತೆಗೆದು ಬೆರಳು ನೀವಿಕೊಂಡರು.

"ಆಯ್ತು ಗೌಡ್ರೇ. ನಿಮ್ಮ ಬೆರಳಲ್ಲಿ ಕರುಣೆ ಇಲ್ಲ."

ಸಾಹೇಬರು ಮುಂಗಡ ಕೊಟ್ಟರು. ದಲ್ಲಾಳಿ ಹುಲ್ಲಿನ ಮೇಲೆ ಕೂತುಕೊಂಡೇ ಸಾಕ್ಷಿ ಆದ. ನಾನು ಬಗ್ಗಿ ಮಾವನ ಕಿವಿಯಲ್ಲಿ ಕೇಳಿದೆ.

"ಎಷ್ಟಕ್ಕೆ ಮಾವ?"

"ದೊಡ್ಡನೆಕ್ಕುಂದಿ," ಎಂದರು ಮಾವ.

ಅಷ್ಟರಲ್ಲಿ ಮ್ಯಾನೇಜರು ಓಡುತ್ತ ಬಂದರು. ಮುಖ ಸಣ್ಣಗಾಗಿತ್ತು. ಫೋಟೋದವನು ವಿಮಾನದ ಸದ್ದಿಗೆ ಹೆದರಿ ಕ್ಯಾಮೆರಾದ ಮುಚ್ಚಳ ತೆಗೆಯುವುದನ್ನೇ ಮರೆತಿದ್ದನಂತೆ. ಒಂದು ಚಿತ್ರವೂ ಬಂದಿಲ್ಲ.

"ಚಿಂತೆಯಿಲ್ಲ! ಪೈಲಟ್ ತಯಾರಿದ್ದಾನೆ. ಎಲ್ಲರೂ ದಯವಿಟ್ಟು ಇನ್ನೊಂದು ಸುತ್ತು ಬನ್ನಿ. ಇದೂ ಬಿಟ್ಟಿ!"

ಕಂಪನಿ ಒಳ್ಳೆಯದು ಅಂತ ಈಗ ತಾನೇ ಕೂಗುತ್ತಿದ್ದವರೆಲ್ಲ ವಿಮಾನದ ಕಡೆ ನೋಡಿದರು. ಹೊಸ ಷೇರುದಾರರಾದ ಸಾಹೇಬರು ಮೆಲ್ಲಗೆ ಮಾವನ ಹತ್ತಿರ ಬಂದು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಗುಟ್ಟಿನ ದನಿಯಲ್ಲಿ ಹೇಳಿದರು.

"ಗೌಡ್ರೇ, ನಾನು ಇಳಿದು ಬರೋತನಕ ಷೇರು ನಿಮ್ಮ ಹೆಸ್ರಲ್ಲೇ ಇರ್ಲಿ. ಒಂದು ಸುತ್ತು ಅಷ್ಟೇ."

"ಆಗಲ್ಲ ಸಾಹೇಬ್ರೇ," ಎಂದರು ಮಾವ. "ಕೈ ಬಿಡಿಸಿದ ಮೇಲೆ ಮಾಲು ನಿಮ್ದು. ಬೇಕಾದ್ರೆ ಚಪ್ಪಲಿ ಬಿಟ್ಟು ಹೋಗಿ, ಅದಾದ್ರೂ ಉಳೀತದೆ. ನೋಡ್ಕೋತೀನಿ."

ಸಾಹೇಬರು ತಮ್ಮ ಕಾಲು ನೋಡಿಕೊಂಡರು. ಅವರದೇ ಅಂಗಡಿಯ ಚರ್ಮ, ಹೊಚ್ಚ ಹೊಸದು. ವಿಮಾನದ ಕಡೆ ಒಮ್ಮೆ ನೋಡಿದರು.

ಆಮೇಲೆ ಚಪ್ಪಲಿ ಬಿಚ್ಚಿ ಮಾವನ ಮುಂದೆ ಜೋಡಿಸಿಟ್ಟು, ಬರಿಗಾಲಲ್ಲಿ ಹೋಗಿ ಹತ್ತಿದರು.